ಟಬ್ ಇಲ್ಲದ ಮನೆಗೆ ಟಬ್ ಸ್ಪೌಟು

ಈ ಬೇಸಿಗೆ ರಜೆಯಲ್ಲಿ ನಾನು ನನ್ನ ಮೊಮ್ಮಗಳನ್ನು ತಪ್ಪಿಲ್ಲದೆ ಬೈದೆ. ಆ ಕಥೆಯನ್ನೇ ಹೇಳಬೇಕೆಂದು ಕುಳಿತಿದ್ದೇನೆ. ಇದರಲ್ಲಿ ನಲ್ಲಿಯ ರಿಪೇರಿ ಬರುತ್ತದೆ, ಸ್ವಲ್ಪ ಲೆಕ್ಕ ಬರುತ್ತದೆ, ಒಂದು ಚೀಲ ಕಡ್ಲೆಕಾಯಿಯೂ ಬರುತ್ತದೆ. ಮಕ್ಕಳು ಲೆಕ್ಕವನ್ನು ಸರಿಯಾಗಿದೆಯೇ ಎಂದು ನೋಡಲಿ. ನನ್ನ ವಯಸ್ಸಿನವರು ಬೈಗುಳದ ಭಾಗವನ್ನು ಗಮನವಿಟ್ಟು ಓದಲಿ.

ನಮ್ಮದು ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿ. ಬಯಲುಸೀಮೆ. ಮಳೆಗೆ ಮುಖ ನೋಡುವ ಊರು. ನಾನು ಚಿಕ್ಕವನಿದ್ದಾಗ ಮನೆಯಲ್ಲಿ ನಲ್ಲಿ ಎಂಬುದೇ ಇರಲಿಲ್ಲ. ಅವ್ವ ಸೇದುವ ಬಾವಿಯಿಂದ ನೀರು ಹೊತ್ತು ತಂದು ಬಚ್ಚಲ ಹಂಡೆಗೆ ತುಂಬುತ್ತಿದ್ದಳು. ನಾವು ನಾಲ್ಕು ಜನ ಮಕ್ಕಳು ಸಾಲಾಗಿ ನಿಲ್ಲಬೇಕು. ತಲೆಗೆ ಮೂರು ಚೊಂಬು, ಮೈಗೆ ನಾಲ್ಕು ಚೊಂಬು, ಮುಗಿಯಿತು. ಎಂಟನೆಯ ಚೊಂಬು ಕೇಳಿದರೆ, "ಬಾವಿ ಹತ್ರ ಹೋಗಿ ಕೇಳು" ಎನ್ನುತ್ತಿದ್ದಳು. ಹೊತ್ತವರಿಗೇ ನೀರಿನ ತೂಕ ಗೊತ್ತು.

ಈಗ ಮನೆಯ ಮೇಲೆ 500 ಲೀಟರಿನ ಪ್ಲಾಸ್ಟಿಕ್ ತೊಟ್ಟಿ ಇದೆ. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ಬಂದ ದಿನ ತುಂಬಿಸಿಕೊಂಡರೆ ಎರಡು ದಿನಕ್ಕೆ ಸಾಕಾಗಿ, ಕೊನೆಗೆ ನೂರು ಲೀಟರಿನಷ್ಟು ಉಳಿಯುತ್ತದೆ. ಇದು ನಮ್ಮ ಮನೆಯ ಲೆಕ್ಕ. ನಾನು ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನಿವೃತ್ತಿಯಾದ ಮೇಲೆ ಬರೆಯಲು ಲೆಡ್ಜರ್ ಇಲ್ಲವಾಗಿ ತೊಟ್ಟಿಯ ನೀರು, ಹಾಲು, ಪೇಪರು, ಎಲ್ಲದರ ಲೆಕ್ಕ ಇಡುತ್ತೇನೆ. ನನ್ನ ಹೆಂಡತಿಗೆ ಇದೊಂದು ತಮಾಷೆ.

ಏಪ್ರಿಲ್‌ನಲ್ಲಿ ಮೊಮ್ಮಗಳು ಬೆಂಗಳೂರಿನಿಂದ ಬಂದಳು. ಆರನೆಯ ತರಗತಿ ಮುಗಿಸಿದ್ದಾಳೆ. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಎನ್ನುತ್ತೇವೆ. ಬಿಸಿಲು ಜೋರು, ಹಾಗಾಗಿ ಬೆಳಿಗ್ಗೆ ಒಂದು, ಸಂಜೆ ಒಂದು, ದಿನಕ್ಕೆ ಎರಡು ಸ್ನಾನ. ಸ್ನಾನಕ್ಕೆ ಹೋದರೆ ಹತ್ತು ನಿಮಿಷ. ಎರಡು ವಾರವಾಗಿರಬೇಕು, ಒಂದು ಬೆಳಿಗ್ಗೆ ನಾನು ಮುಖ ತೊಳೆಯಲು ನಲ್ಲಿ ತಿರುಗಿಸಿದರೆ 'ಸುಂಯ್' ಎಂದು ಗಾಳಿ ಬಂತು. ತೊಟ್ಟಿ ಬರಿದು. ಅಂದು ನೀರು ಬರುವ ದಿನವೂ ಅಲ್ಲ. ಪಕ್ಕದ ಮನೆಯಿಂದ ಎರಡು ಬಿಂದಿಗೆ ಕೇಳಿ ತರಬೇಕಾಯಿತು. ಅವರ ಮನೆಯಲ್ಲೂ ಅಷ್ಟೇ ನೀರು.

ನಾನು ಪುಟ್ಟಿಯನ್ನು ಕರೆದು ಬೈದೆ. "ಇದು ಬೆಂಗಳೂರಲ್ಲ. ಇಲ್ಲಿ ನೀರು ದುಡ್ಡಿಗಿಂತ ಹೆಚ್ಚು. ಗಂಟೆಗಟ್ಟಲೆ ನೀರು ಬಿಟ್ಕೊಂಡು ನಿಲ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದೆ.

ಅವಳು, "ತಾತಾ, ಅದರಲ್ಲಿ ನೀರೇ..." ಎಂದು ಏನೋ ಹೇಳಲು ಹೋದಳು.

"ಎದುರು ಮಾತಾಡಬೇಡ" ಎಂದೆ.

ಅವಳು ಸುಮ್ಮನಾದಳು. ಅಂದು ಸಂಜೆ ಸ್ನಾನ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಅರ್ಧ ಬಕೆಟ್ ನೀರು ತೆಗೆದುಕೊಂಡು ಹೋಗಿ ಎರಡೇ ನಿಮಿಷಕ್ಕೆ ಹೊರಬಂದಳು. ಮುಖ ಕೆಳಗೆ. ನನ್ನ ಹೆಂಡತಿ ನನ್ನ ಕಡೆ ನೋಡಿದಳು, ಬಾಯಿ ಬಿಡಲಿಲ್ಲ. ನಲವತ್ತೆಂಟು ವರ್ಷ ಸಂಸಾರ ಮಾಡಿದವರಿಗೆ ಆ ನೋಟ ಸಾಕು.

ಮೂರನೆಯ ದಿನ ನಿಜ ಹೊರಬಿತ್ತು, ಅದೂ ಬಚ್ಚಲುಮನೆಯಲ್ಲಲ್ಲ, ಉಗ್ರಾಣದಲ್ಲಿ. ನಮಗಿರುವ ಎರಡು ಎಕರೆಗೆ ಬಿತ್ತಲೆಂದು ಒಂದು ಚೀಲ ಕಡ್ಲೆಕಾಯಿ ಎತ್ತಿಟ್ಟಿದ್ದೆವು. ಹೆಂಡತಿ ಏನೋ ತೆಗೆಯಲು ಹೋದವಳು, "ರೀ, ಬನ್ನಿ ಇಲ್ಲಿ" ಎಂದು ಕೂಗಿದಳು. ಚೀಲದ ತಳ ಒದ್ದೆ. ಕೆಳಗಿನ ಕಾಯಿಗಳಿಗೆಲ್ಲ ಬೂಷ್ಟು ಹಿಡಿದು ಕಪ್ಪಾಗಿದ್ದವು. ಗೋಡೆಯ ಮೇಲೆ ತಟ್ಟೆಯಗಲ ಒದ್ದೆಯ ಕಲೆ. ಆ ಗೋಡೆಯ ಆಚೆ ಬದಿಯೇ ಬಚ್ಚಲುಮನೆ. ಸರಿಯಾಗಿ ಆ ಎತ್ತರದಲ್ಲಿ ಅಲ್ಲಿರುವುದು ಸ್ಪೌಟು.

ಸ್ಪೌಟು ಎಂದರೆ ಏನೆಂದು ಮೊದಲು ಹೇಳುತ್ತೇನೆ. ಗೋಡೆಯಿಂದ ಆನೆಯ ಸೊಂಡಿಲಿನ ಹಾಗೆ ಮುಂದೆ ಬಂದು ಕೆಳಕ್ಕೆ ಬಾಗಿದ ನೀರಿನ ಬಾಯಿ ಅದು. ಅದಕ್ಕೆ ಸ್ವಂತ ತಿರುಗಣೆ ಇಲ್ಲ. ತಿರುಗಣೆ ಮೇಲೆ ಗೋಡೆಯಲ್ಲಿ ಬೇರೆ ಇರುತ್ತದೆ. ಸ್ಪೌಟಿನ ಮೇಲೊಂದು ಗುಂಡಿ. ಗುಂಡಿ ಕೆಳಗಿದ್ದರೆ ನೀರು ಬಕೆಟ್ಟಿಗೆ ಬೀಳುತ್ತದೆ. ಮೇಲಕ್ಕೆ ಎಳೆದರೆ ಒಳಗಿರುವ ರಬ್ಬರಿನ ಬಿಲ್ಲೆ ಬಾಯಿಯನ್ನು ಮುಚ್ಚಿ, ನೀರು ಪಕ್ಕದ ಬಳ್ಳಿಯಂಥ ಕೊಳವೆಗೆ ಏರಿ ಕೈಶವರಿಗೆ ಹೋಗುತ್ತದೆ. ಆ ಕೈಶವರನ್ನು ಅಂಗಡಿಯವರು ಟೆಲಿಫೋನ್ ಶವರ್ ಎನ್ನುತ್ತಾರೆ. ಹಳೆಯ ಫೋನಿನ ಹಾಗೆ ಕೊಕ್ಕೆಯ ಮೇಲೆ ಇಡುವುದರಿಂದ ಆ ಹೆಸರು. ಮಗಳು ಅಳಿಯ ಬಂದಾಗ ಇರಲಿ ಎಂದು ಮನೆ ಕಟ್ಟಿಸುವಾಗ ಹಾಕಿಸಿದ್ದೆ. ನಾನೂ ನನ್ನ ಹೆಂಡತಿಯೂ ಇಂದಿಗೂ ಬಕೆಟ್ಟು ಚೊಂಬಿನ ಮಂದಿ. ಗುಂಡಿಯನ್ನು ನಾವು ಎಳೆದದ್ದೇ ಇಲ್ಲ.

ಅಂದು ಮೊದಲ ಬಾರಿಗೆ ಎಳೆದೆ. ಕೈಶವರಿನಲ್ಲಿ ನೀರು ಬಂತು, ಆದರೆ ಸೊರಗಿದ ಧಾರೆ. ಕೆಳಗೆ ಸ್ಪೌಟಿನ ಬಾಯಿಂದಲೂ ದಬದಬ ಸುರಿಯುತ್ತಲೇ ಇತ್ತು. ಒಳಗಿನ ಬಿಲ್ಲೆ ಪೂರ್ತಿ ಮುಚ್ಚುತ್ತಿರಲಿಲ್ಲ.

ನನಗೆ ಆಗ ಪುಟ್ಟಿಯ ಅರ್ಧ ಮಾತು ನೆನಪಾಯಿತು. 'ತಾತಾ, ಅದರಲ್ಲಿ ನೀರೇ...'

ಇಲ್ಲಿ ಬ್ಯಾಂಕಿನ ಒಂದು ಸಂಗತಿ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ಎಲ್ಲವೂ ಕೈಬರಹದ ಲೆಡ್ಜರು. ಸಂಜೆ ಎರಡೂ ಕಡೆಯ ಮೊತ್ತ ತಾಳೆಯಾಗಬೇಕು, ಒಂದು ಪೈಸೆ ಹೆಚ್ಚುಕಡಿಮೆಯಾದರೂ ಮನೆಗೆ ಹೋಗುವಂತಿಲ್ಲ. ಸೇರಿದ ಹೊಸತರಲ್ಲಿ ಒಂದು ಸಂಜೆ 63 ರೂಪಾಯಿ ವ್ಯತ್ಯಾಸ ಬಂತು. ಪಕ್ಕದ ಕೌಂಟರಿನವರು ತಪ್ಪು ಮಾಡಿರಬೇಕು ಎಂದೆ. ನಮ್ಮ ಹೆಡ್ ಕ್ಲರ್ಕು ಕನ್ನಡಕದ ಮೇಲಿಂದ ನೋಡಿ, "63 ಒಂಬತ್ತರಿಂದ ಭಾಗವಾಗುತ್ತೆ. ಎಲ್ಲೋ ಅಂಕಿ ತಿರುಗಾಮುರುಗಾ ಆಗಿದೆ. ಮೊದಲು ನಿನ್ನ ಪುಸ್ತಕ ನೋಡು, ಆಮೇಲೆ ಬೇರೆಯವರದು" ಎಂದರು. ನೋಡಿದರೆ 81 ಎಂದು ಬರೆಯಬೇಕಾದಲ್ಲಿ ನಾನೇ 18 ಬರೆದಿದ್ದೆ.

ಮಕ್ಕಳೇ, ನೀವೂ ಮಾಡಿ ನೋಡಿ. ಎರಡಂಕಿಯ ಯಾವುದೇ ಸಂಖ್ಯೆಯನ್ನು ತಿರುಗಿಸಿ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉತ್ತರ ಒಂಬತ್ತರಿಂದ ಭಾಗವಾಗಿಯೇ ತೀರುತ್ತದೆ.

ಆ ಪಾಠವನ್ನು ಮೂವತ್ತೇಳು ವರ್ಷ ಪಾಲಿಸಿದವನು ಮನೆಯಲ್ಲಿ ಮರೆತಿದ್ದೆ. ತೊಟ್ಟಿಯ ಲೆಕ್ಕ ತಾಳೆಯಾಗದಿದ್ದಾಗ ನನ್ನ ಮನೆಯ ನಲ್ಲಿಯನ್ನು ನೋಡದೆ ಮಗುವಿನ ಮೇಲೆ ಹೊರಿಸಿದ್ದೆ.

ಪುಟ್ಟಿಯನ್ನು ಕರೆದೆ. "ಬಾ, ಒಂದು ಲೆಕ್ಕ ಮಾಡೋಣ" ಎಂದೆ. ಅವಳು ಮುಖ ಊದಿಸಿಕೊಂಡೇ ಬಂದಳು. ಆ ಹೊತ್ತಿಗೆ ತೊಟ್ಟಿ ಮತ್ತೆ ತುಂಬಿತ್ತು. ಎರಡು ಬಕೆಟ್ ಇಟ್ಟೆವು. ಒಂದು ಸ್ಪೌಟಿನ ಕೆಳಗೆ, ಇನ್ನೊಂದಕ್ಕೆ ಕೈಶವರು. ಸರಿಯಾಗಿ ಐದು ನಿಮಿಷ ನೀರು ಬಿಟ್ಟು, ಲೀಟರಿನ ಬಾಟಲಿಯಿಂದ ಅಳೆದೆವು. ಶವರಿನ ಬಕೆಟ್ಟಿನಲ್ಲಿ 11 ಲೀಟರ್. ಸ್ಪೌಟಿನ ಬಕೆಟ್ಟಿನಲ್ಲಿ 14 ಲೀಟರ್! ಮೈಗೆ ಬಿದ್ದದ್ದಕ್ಕಿಂತ ಚರಂಡಿಗೆ ಹೋದದ್ದೇ ಹೆಚ್ಚು. ಹತ್ತು ನಿಮಿಷದ ಒಂದು ಸ್ನಾನಕ್ಕೆ 28 ಲೀಟರ್ ವ್ಯರ್ಥ. ಎರಡು ದಿನಕ್ಕೆ ನಾಲ್ಕು ಸ್ನಾನ, ಅಂದರೆ 112 ಲೀಟರ್. ತೊಟ್ಟಿಯಲ್ಲಿ ಉಳಿಯಬೇಕಾಗಿದ್ದ ನೀರು ಹೆಚ್ಚುಕಡಿಮೆ ಅಷ್ಟೇ. ಲೆಕ್ಕ ತಾಳೆಯಾಯಿತು. ಬಾಟಲಿ ಹಿಡಿದು ಅಳೆದದ್ದೂ, ಗುಣಿಸಿದ್ದೂ ಪುಟ್ಟಿಯೇ. ಅಳೆದ ನೀರನ್ನು ಅಜ್ಜಿ ಬಟ್ಟೆಗೆ ತೆಗೆದುಕೊಂಡಳು.

ಇನ್ನೊಂದು ಹೋಲಿಕೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ ಮಿಷನ್, ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎನ್ನುತ್ತಾರೆ, ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಸಿಗಬೇಕು ಎಂಬ ಗುರಿ ಇಟ್ಟುಕೊಂಡಿದೆ. ನಮ್ಮ ಸ್ಪೌಟು ಎರಡು ಸ್ನಾನದಲ್ಲಿ ಚರಂಡಿಗೆ ಕಳಿಸುತ್ತಿದ್ದದ್ದು 56 ಲೀಟರ್. ಒಬ್ಬ ಮನುಷ್ಯನ ಒಂದು ದಿನದ ಪಾಲು ದಿನವೂ ಹೋಗುತ್ತಿತ್ತು.

"ಪುಟ್ಟಿ, ತಪ್ಪು ನಿನ್ನದಲ್ಲ, ನನ್ನದು" ಎಂದೆ.

ಅವಳು ಬಾಟಲಿಯ ಮುಚ್ಚಳ ತಿರುಗಿಸುತ್ತಾ, "ನಾನು ಅವತ್ತೇ ಹೇಳಕ್ಕೆ ಬಂದೆ ತಾತಾ, ಶವರಲ್ಲಿ ನೀರೇ ಸರಿಯಾಗಿ ಬರಲ್ಲ, ತಲೇಲಿರೋ ಶಾಂಪೂ ಹೋಗಕ್ಕೆ ಅಷ್ಟು ಹೊತ್ತು ಬೇಕು ಅಂತ. ನೀನು ಕೇಳಿಸ್ಕೊಳ್ಳಲೇ ಇಲ್ಲ" ಎಂದಳು.

ಬ್ಯಾಂಕಿನ ಕೌಂಟರಿನಲ್ಲಿ ಎಂಥ ಗ್ರಾಹಕರು ಬಂದರೂ ಮಾತು ಮುಗಿಸುವವರೆಗೆ ಕೇಳುತ್ತಿದ್ದೆ. ಹನ್ನೊಂದು ವರ್ಷದ ಮಗುವಿನ ಒಂದು ವಾಕ್ಯ ಮುಗಿಯಲು ಬಿಡಲಿಲ್ಲ. ಅದಕ್ಕೆ ಏನು ಉತ್ತರ ಹೇಳಲಿ? "ಇನ್ನು ಮುಂದೆ ಕೇಳಿಸ್ಕೋತೀನಿ. ಈಗ ಇದನ್ನ ಬದಲಾಯಿಸೋಣ, ನನಗೆ ನೀನು ಸಹಾಯಕ್ಕೆ ಬೇಕು" ಎಂದೆ. ಮುಖದ ಊತ ಸ್ವಲ್ಪ ಇಳಿಯಿತು.

ನಮ್ಮ ಊರಿಗೆ ಬರುವ ಪ್ಲಂಬರ್ ಬೆಂಗಳೂರಿನ ಕೆಲಸದಲ್ಲಿದ್ದ. ಬರುವುದು ಹದಿನೈದು ದಿನವಾಗುತ್ತದೆ ಎಂದ. ಆದರೆ ಫೋನಿನಲ್ಲೇ ನಾಲ್ಕು ಮಾತು ಹೇಳಿಕೊಟ್ಟ. "ಸಾರ್, ಜೋರು ಮಾಡಬೇಡಿ. ಗೋಡೆಯೊಳಗಿನ ಪೈಪು ಮುರಿದರೆ ಟೈಲ್ಸ್ ಒಡೀಬೇಕಾಗುತ್ತೆ."

ಮೊದಲು ಮೇಲೆ ಹೋಗಿ ತೊಟ್ಟಿಯ ಬುಡದ ಗೇಟ್ ವಾಲ್ವ್ ಮುಚ್ಚಿದೆ. ಕೆಳಗೆ ನಲ್ಲಿ ತೆರೆದು ಕೊಳವೆಯಲ್ಲಿದ್ದ ನೀರನ್ನು ಇಳಿಸಿದೆವು. ಶವರಿನ ಕೊಳವೆ ಬಿಚ್ಚಿದೆವು. ಸ್ಪೌಟನ್ನು ಎಡಕ್ಕೆ ತಿರುಗಿಸಲು ನೋಡಿದರೆ ಅಲುಗಲೇ ಇಲ್ಲ. ಬುಡದ ಸುತ್ತ ಬಿಳಿಯ ಪದರ ಗಟ್ಟಿಯಾಗಿ ಕೂತಿತ್ತು. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಶಿಯಂ ಅಂಶಗಳು ನೀರು ಒಣಗಿದಂತೆಲ್ಲ ಹೀಗೆ ಸುಣ್ಣದ ಹಾಗೆ ಕೂರುತ್ತವೆ. ಪಾತ್ರೆಯ ತಳದಲ್ಲಿ ಕಾಣುವ ಬಿಳಿಯೂ ಇದೇ. ಒಳಗಿನ ಬಿಲ್ಲೆಯನ್ನು ಹಿಡಿದು ನಿಲ್ಲಿಸಿದ್ದೂ ಇದೇ.

ಹಳೆಯ ಬಟ್ಟೆಯನ್ನು ವಿನೆಗರಿನಲ್ಲಿ ನೆನೆಸಿ ಬುಡಕ್ಕೆ ಸುತ್ತಿ ಒಂದು ಗಂಟೆ ಬಿಟ್ಟೆವು. ಪುಟ್ಟಿ ಕಿವಿಯಿಟ್ಟು, "ತಾತಾ, ಚುರುಚುರು ಅಂತಿದೆ" ಎಂದಳು. ಹುಳಿಗೂ ಸುಣ್ಣಕ್ಕೂ ಸೇರಿದಾಗ ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಬರುತ್ತದೆ ಎಂದು ಅವಳೇ ಶಾಲೆಯ ಪಾಠ ಒಪ್ಪಿಸಿದಳು. ಆಮೇಲೆ ಬಟ್ಟೆ ಸುತ್ತಿ ಎರಡು ಕೈಯಲ್ಲಿ ಹಿಡಿದು, ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ, ಮತ್ತೆ ಎಡಕ್ಕೆ. 'ಕಿರ್' ಎಂದು ಬಿಟ್ಟುಕೊಂಡಿತು. ಹಿಂದೆ ತಿರುಪಿನ ಮೇಲಿದ್ದ ಹಳೆಯ ಟೇಪು ಹರಿದು ಚೂರಾಗಿತ್ತು. ಗುಂಡಿ ಎಳೆದು ಬಾಯಿ ಮುಚ್ಚಿದಾಗ ಒಳಗೆ ಒತ್ತಡ ಹೆಚ್ಚಾಗಿ, ನೀರು ಆ ತಿರುಪಿನ ಸಂದಿನಿಂದ ಗೋಡೆಯೊಳಕ್ಕೆ ಜಿನುಗಿ ಕಡ್ಲೆಕಾಯಿ ಚೀಲದವರೆಗೆ ಹೋಗಿತ್ತು.

ಬಸ್ಸು ಹತ್ತಿ ಶಿರಾಕ್ಕೆ ಹೋದೆವು. ಹಾರ್ಡ್‌ವೇರ್ ಅಂಗಡಿಯವರಿಗೆ ಹಳೆಯದನ್ನು ತೋರಿಸಿದಾಗ, "ಓ, ಬಾತ್ ಟಬ್ ಸ್ಪೌಟಾ, ಬಟನ್ ಇರೋದು" ಎಂದರು. ಬಿಲ್ಲಿನಲ್ಲೂ ಹಾಗೇ ಬರೆದರು. ಪುಟ್ಟಿ ನಕ್ಕಳು. "ತಾತಾ, ನಮ್ಮ ಮನೇಲಿ ಟಬ್ಬೇ ಇಲ್ವಲ್ಲ!" ಪಾಶ್ಚಾತ್ಯರು ಟಬ್ಬು ತುಂಬಿಸಲು ಬಳಸುವುದು ನಮ್ಮಲ್ಲಿ ಬಕೆಟ್ಟು ತುಂಬಿಸುತ್ತದೆ, ಹೆಸರು ಮಾತ್ರ ಹಾಗೇ ಉಳಿದಿದೆ. ಅಂಗಡಿಯವರು, "ಇದು ಅರ್ಧ ಇಂಚು ತಿರುಪು, ಕೂತ್ಕೊಳ್ಳುತ್ತೆ" ಎಂದರು. ಪುಟ್ಟಿ ಅಲ್ಲಿದ್ದ ಸ್ಕೇಲು ತೆಗೆದು ಅಳೆದು, "ಅರ್ಧ ಇಂಚು ಅಂದ್ರೆ 12.7 ಮಿಲಿಮೀಟರ್. ಇದು 21 ಇದೆ" ಎಂದಳು. ಅಂಗಡಿಯವರು ಅವಳ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು.

ಇಬ್ಬರ ಮಾತೂ ಸರಿಯೇ. ಅರ್ಧ ಇಂಚು ಎಂಬುದು ಹಳೆಯ ಕಬ್ಬಿಣದ ಪೈಪಿನ ಒಳಗಿನ ತೂತಿನ ಅಳತೆಯಿಂದ ಬಂದ ಹೆಸರು. ಹೊರಗಿನ ತಿರುಪು ಸುಮಾರು 21 ಮಿಲಿಮೀಟರ್, ಒಂದು ಇಂಚಿಗೆ 14 ಸುತ್ತು. ಒಂದೊಂದು ಕಾರ್ಖಾನೆ ಒಂದೊಂದು ಥರ ತಿರುಪು ಮಾಡುತ್ತಿದ್ದ ಕಾಲದಲ್ಲಿ, 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರು ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು ಸೂಚಿಸಿದರು. ನಮ್ಮ ನಲ್ಲಿಯ ತಿರುಪುಗಳೂ ಅದೇ ವಂಶದವು. ಆದ್ದರಿಂದಲೇ ಹದಿನಾರು ವರ್ಷದ ಹಿಂದೆ ಗೋಡೆಗೆ ಹಾಕಿದ ಪೈಪಿಗೆ ಇಂದು ಶಿರಾದಲ್ಲಿ ಕೊಂಡ ಸ್ಪೌಟು ಕೂರುತ್ತದೆ.

ಜೊತೆಗೆ ಒಂದು ಸುರುಳಿ ಬಿಳಿ ಟೆಫ್ಲಾನ್ ಟೇಪು ಕೊಂಡೆವು. ಇದರ ಹಿಂದೆಯೂ ತಾಳೆಯಾಗದ ಲೆಕ್ಕದ ಕಥೆಯಿದೆ. 1938ರ ಏಪ್ರಿಲ್‌ನಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ಯುವ ರಸಾಯನಶಾಸ್ತ್ರಜ್ಞರು ಒಂದು ಸಿಲಿಂಡರಿನ ತಿರುಗಣೆ ತೆರೆದರೆ ಅನಿಲ ಬರಲಿಲ್ಲ. ಖಾಲಿಯಾಗಿದೆ ಎಂದು ಎಸೆಯಬಹುದಿತ್ತು. ತೂಕ ಮಾತ್ರ ತುಂಬಿದ ಸಿಲಿಂಡರಿನದು. ಲೆಕ್ಕ ಏಕೆ ಹೊಂದುತ್ತಿಲ್ಲ ಎಂದು ಸಿಲಿಂಡರನ್ನು ಕೊಯ್ಸಿ ನೋಡಿದರೆ, ಒಳಗೆ ಅನಿಲವೇ ಜಾರುವ ಬಿಳಿ ಪುಡಿಯಾಗಿ ಕೂತಿತ್ತು. ಅದೇ ಟೆಫ್ಲಾನ್. ದೋಸೆ ಅಂಟದ ತವದ ಮೇಲಿರುವುದೂ ಅದೇ.

ಮನೆಗೆ ಬಂದು ಗೋಡೆಯ ತಿರುಪನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆವು. ಟೇಪನ್ನು ಬಲಸುತ್ತಾಗಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ, ಹತ್ತು ಹನ್ನೆರಡು ಸುತ್ತು ಸುತ್ತಿದೆವು. ಎಡಕ್ಕೆ ಸುತ್ತಿದರೆ ಸ್ಪೌಟು ತಿರುಗಿಸುವಾಗ ಟೇಪು ಬಿಚ್ಚಿಕೊಳ್ಳುತ್ತದೆ. ಸ್ಪೌಟು ತಿರುಗಿಸಿದೆ. ಬಿಗಿಯಾಯಿತು. ಆದರೆ ಬಾಯಿ ನೇರ ಕೆಳಕ್ಕೆ ನಿಲ್ಲದೆ ಸ್ವಲ್ಪ ಮುಂದಕ್ಕೆ ಹೋಯಿತು. ನಾನು ಚೂರೇ ಚೂರು ಹಿಂದಕ್ಕೆ ತಿರುಗಿಸಿ ಸರಿಮಾಡಿದೆ. ವಾಲ್ವ್ ತೆರೆದು ಬಂದು ನೋಡಿದರೆ ಬುಡದಿಂದ ಹನಿ!

"ತಾತಾ, ಹಿಂದಕ್ಕೆ ತಿರುಗಿಸಿದ್ದಕ್ಕೇ ಇರಬೇಕು" ಎಂದಳು ಪುಟ್ಟಿ.

"ನೋಡೋಣ ಬಿಡು" ಎನ್ನಲು ಬಾಯಿ ತೆರೆದವನು ತಡೆದುಕೊಂಡೆ. ಅವಳ ಮಾತು ನಿಜ. ಒಮ್ಮೆ ಬಿಗಿದ ಮೇಲೆ ಹಿಂದಕ್ಕೆ ತಿರುಗಿಸಿದರೆ ಟೇಪು ಒಳಗೆ ಹರಿದು ಸಂದಿ ಬಿಡುತ್ತದೆ. ಮತ್ತೆ ವಾಲ್ವ್ ಮುಚ್ಚಿ, ಮತ್ತೆ ಬಿಚ್ಚಿ, ಹಳೆಯ ಟೇಪು ಕಿತ್ತು, ಹೊಸದನ್ನು ಎರಡು ಸುತ್ತು ಹೆಚ್ಚಿಗೆ ಸುತ್ತಿದೆವು. ಈ ಸಲ ಸುತ್ತಿದವಳು ಅವಳು. ಬಾಯಿ ಕೆಳಕ್ಕೆ ಬರುವ ಹೊತ್ತಿಗೆ ಸರಿಯಾಗಿ ಬಿಗಿ ಸಿಕ್ಕಿತು. ಅಲ್ಲಿಗೇ ನಿಲ್ಲಿಸಿದೆ. ನೀರು ಬಿಟ್ಟೆವು. ಬುಡ ಒಣಗಿಯೇ ಇತ್ತು. ಕಾಗದದ ಚೂರು ಒತ್ತಿ ನೋಡಿದೆವು, ಅದೂ ಒಣಗಿತ್ತು.

ಮತ್ತೆ ಐದು ನಿಮಿಷದ ಪರೀಕ್ಷೆ. ಶವರಿನ ಬಕೆಟ್ಟಿನಲ್ಲಿ 23 ಲೀಟರ್. ಸ್ಪೌಟಿನ ಬಕೆಟ್ಟಿನಲ್ಲಿ ಬರೀ ನಾಲ್ಕಾರು ಹನಿ. ಪುಟ್ಟಿ ನನ್ನ ಲೆಕ್ಕದ ಪುಸ್ತಕ ತೆಗೆದುಕೊಂಡು ಎರಡೂ ಅಂಕಿ ಬರೆದು, ಕೆಳಗೆ ಗೆರೆ ಎಳೆದು, 'ತಾಳೆ' ಎಂದು ಬರೆದಳು. ಮರುದಿನದಿಂದ ಅವಳ ಸ್ನಾನ ಐದು ನಿಮಿಷಕ್ಕೆ ಮುಗಿಯತೊಡಗಿತು, ಯಾರೂ ಹೇಳದೆಯೇ.

ಕಡ್ಲೆಕಾಯಿಯಲ್ಲಿ ಬೂಷ್ಟು ಹಿಡಿದದ್ದನ್ನೆಲ್ಲ ತಿಪ್ಪೆಗೆ ಹಾಕಿದೆವು. ಅದು ನನ್ನ ನಷ್ಟದ ಖಾತೆ. ಮೇಲಿನ ಅರ್ಧ ಚೀಲ ಚೆನ್ನಾಗಿತ್ತು, ಬಿಸಿಲಿಗೆ ಹರವಿ ಒಣಗಿಸಿದೆವು. ಪಕ್ಕದ ಮನೆಯವರಿಗೆ ಎರಡು ಬಿಂದಿಗೆ ನೀರನ್ನು ಪುಟ್ಟಿಯೇ ತೆಗೆದುಕೊಂಡು ಹೋಗಿ ವಾಪಸ್ ಕೊಟ್ಟು ಬಂದಳು.

ಕೊನೆಯ ಕೆಲಸವೊಂದು ಉಳಿದಿತ್ತು. ಸ್ಪೌಟಿನ ಬುಡದ ಬಿಲ್ಲೆಯ ಸುತ್ತ ಬಿಳಿ ಸಿಮೆಂಟು ಹಚ್ಚುವುದು. ಪ್ಲಂಬರ್ ಫೋನಿನಲ್ಲಿ ಹೇಳಿದ್ದ: "ಸಾರ್, ಮೇಲೆ, ಪಕ್ಕಕ್ಕೆ ಹಚ್ಚಿ. ಕೆಳಗೆ ಒಂದು ಬೆರಳಗಲ ಖಾಲಿ ಬಿಡಿ. ನಾಳೆ ಮತ್ತೆ ಸೋರಿದರೆ ನೀರು ಗೋಡೆಯೊಳಗೆ ಹೋಗದೆ ಹೊರಗೆ ಬಂದು ಕಾಣಬೇಕು."

ಹಾಗೇ ಬಿಟ್ಟಿದ್ದೇವೆ. ಪುಟ್ಟಿ ಬೆಂಗಳೂರಿಗೆ ಹೋದ ಮೇಲೂ ನಾನು ದಿನಾ ಬೆಳಿಗ್ಗೆ ಆ ಬೆರಳಗಲದ ಸಂದಿಗೆ ಕೈಯಿಟ್ಟು ನೋಡುತ್ತೇನೆ. ಒಣಗಿದೆ. ಭಾನುವಾರ ಅವಳು ಫೋನ್ ಮಾಡಿದಾಗ ಮೊದಲು ಕೇಳುವುದೂ ಅದನ್ನೇ. ಅವಳು ಮಾತು ಮುಗಿಸುವವರೆಗೆ ಕೇಳಿ, ಆಮೇಲೆ ಉತ್ತರ ಹೇಳುತ್ತೇನೆ.